ಅಮೆರಿಕದ ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್ಮನ್ ಜಾಝ್ ಮತ್ತು ಬ್ಲೂಗ್ರಾಸ್ ಬೆಸೆದು ನುಡಿಸಿದ ಬ್ಯಾಂಡ್‌ನಲ್ಲಿ ಶುರುವಿಗೆ ಡ್ರಮ್ಸ್ ಇರಲಿಲ್ಲ. ಮತ್ತೆ ಜಾಝ್‌ನ ತಾಳ ಎಲ್ಲಿಂದ ಬರುತ್ತಿತ್ತು?

ಮ್ಯಾಂಡೊಲಿನ್‌ನಿಂದ. ಡ್ರಮ್ಸ್ ಮಾಡುವ ಕೆಲಸದ ಬಹುಪಾಲನ್ನು ಅಲ್ಲಿ ಆ ಪುಟ್ಟ ವಾದ್ಯವೇ ಮಾಡುತ್ತಿತ್ತು.

ಇದಕ್ಕೆ ಬ್ಲೂಗ್ರಾಸ್‌ನವರು 'ಚಾಪ್' ಅನ್ನುತ್ತಾರೆ. ಬ್ಲೂಗ್ರಾಸ್ ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ, ಹೆಚ್ಚಾಗಿ ತಂತಿವಾದ್ಯಗಳ ಸಂಗೀತ. ವಾದಕ ಎಲ್ಲಾ ತಂತಿಗಳನ್ನೂ ಒಟ್ಟಿಗೆ ಮೀಟುತ್ತಾನೆ. ಮರುಕ್ಷಣವೇ ಎಡಗೈ ಬೆರಳುಗಳ ಒತ್ತು ಸಡಿಲಿಸುತ್ತಾನೆ. ನಾದ ಅಲ್ಲೇ ಕಡಿದು 'ಚಕ್' ಅನ್ನುವ ಸದ್ದಷ್ಟೇ ಉಳಿಯುತ್ತದೆ. ನಾಲ್ಕು ಎಣಿಕೆಯಲ್ಲಿ ಒಂದು, ಮೂರಕ್ಕೆ ಬಾಸ್. ಎರಡು, ನಾಲ್ಕಕ್ಕೆ ಈ 'ಚಕ್'. ಡ್ರಮ್ಸ್‌ನಲ್ಲಿ ಸ್ನೇರ್, ಅಂದರೆ ಚುರುಕು ಸದ್ದಿನ ಚಿಕ್ಕ ಡ್ರಮ್, ಹೊಡೆಯುವ ಜಾಗವೂ ಅದೇ ಅಲ್ವಾ?

ಐವರ ಈ ತಂಡ, ಗ್ರಿಸ್ಮನ್ ಕ್ವಿಂಟೆಟ್, ಕ್ಯಾಲಿಫೋರ್ನಿಯಾದ್ದು, ಮೊದಲ ಆಲ್ಬಂ 1977ರಲ್ಲಿ ಬಂತು. ಅದರಲ್ಲಿ ಬ್ಯಾಂಜೊ ಇಲ್ಲ, ಹಾಡುಗಾರಿಕೆಯೂ ಇಲ್ಲ. ತಾಳದ ಈ ಅಡಿಪಾಯ ಬ್ಲೂಗ್ರಾಸ್‌ನದು. ಅದರ ಮೇಲೆ ಜಾಝ್‌ನ ತುಂಬು ಕಾರ್ಡ್‌ಗಳು, ಅಂದರೆ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಚ್ಛಗಳು. ಒಬ್ಬೊಬ್ಬರೇ ಮುಂದೆ ಬಂದು ಮನೋಧರ್ಮದಿಂದ ನುಡಿಸುವ ರೂಢಿ ಎರಡೂ ಕಡೆ ಇತ್ತು. ಹಾಗಾಗಿ ಬೆಸುಗೆ ಸಲೀಸಾಯಿತು.

ಡ್ರಮ್ಸ್ ಇಲ್ಲದ ಜಾಝ್ ಇವರಿಂದಲೇ ಶುರುವಾಗಿದ್ದಲ್ಲ. 1934ರಲ್ಲೇ ಪ್ಯಾರಿಸ್‌ನಲ್ಲಿ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಅಂಥ ತಂಡ ಕಟ್ಟಿದ್ದರು. ಅಲ್ಲಿ ಗಿಟಾರ್‌ಗಳು ತಾಳ ಹಿಡಿಯುತ್ತಿದ್ದವು. ನನಗೇನೋ ಮ್ಯಾಂಡೊಲಿನ್‌ನ 'ಚಕ್' ಇನ್ನೂ ಚುರುಕು ಅನಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬಾಸ್ ಮತ್ತು ಚಾಪ್ ಎರಡನ್ನೇ ಹಿಂಬಾಲಿಸಿ ನೋಡಿ, ಸಟ್ಟನೆ ಸಿಗುತ್ತದೆ.