ಡಿಬಿಎಂಎಲ್ ಫೈಲ್ ತಿದ್ದಿದ್ರೆ ಡೇಟಾಬೇಸೂ ಬದಲಾಗುತ್ತಾ?

ಪ್ರಶ್ನೆ: ಹಾಲಿನ ಡೈರಿಗೆ ಒಂದು ಸಾಫ್ಟ್‌ವೇರ್ ಮಾಡ್ತಿದೀವಿ ಸರ್, ಮೂರು ಜನ. ಟೇಬಲ್ ಡಿಸೈನ್ ಎಲ್ಲಾ ಎಕ್ಸೆಲಲ್ಲಿದೆ, ಯಾರು ಯಾವಾಗ ಏನ್ ಬದಲಾಯಿಸಿದ್ರು ಅಂತಾನೇ ಗೊತ್ತಾಗಲ್ಲ. ಡಿಬಿಎಂಎಲ್‌ನಲ್ಲಿ ಬರೀರಿ ಅಂದ್ರು ಒಬ್ರು. ಆ ಫೈಲ್ ತಿದ್ದಿದ್ರೆ ನಮ್ಮ ಡೇಟಾಬೇಸ್ ಇರೋ ಮೈಎಸ್‌ಕ್ಯೂಎಲ್‌ನಲ್ಲೂ ಬದಲಾಗುತ್ತಾ?

ಉತ್ತರ: ಇಲ್ಲ, ಬದಲಾಗಲ್ಲ. ಎಲ್ರೂ ಎಡವೋದು ಇಲ್ಲೇ, ನಾನೂ ಎಡವಿದೀನಿ. ಡಿಬಿಎಂಎಲ್ ಟೇಬಲ್‌ಗಳು ಹೆಂಗಿವೆ ಅಂತ ಬರೆದಿಡೋ ಭಾಷೆ ಅಷ್ಟೇ. ಡಿಬಿಎಂಎಲ್-ಟು-ಎಸ್‌ಕ್ಯೂಎಲ್ ಅನ್ನೋ ಕಮಾಂಡ್ ಆ ಫೈಲ್ ಓದಿ ಹೊಸ ಟೇಬಲ್ ಮಾಡೋ ಕ್ರಿಯೇಟ್ ಟೇಬಲ್ ಆದೇಶ ಬರ್ದುಕೊಡುತ್ತೆ, ಇರೋ ಟೇಬಲ್‌ನ ಕಾಲಂ ತಿದ್ದೋ ಆಲ್ಟರ್ ಅಲ್ಲ (ಮೈಎಸ್‌ಕ್ಯೂಎಲ್ ಅಂತ ಹೇಳದಿದ್ರೆ ಪೋಸ್ಟ್‌ಗ್ರೆಸ್ ಅನ್ನೋ ಬೇರೆ ಡೇಟಾಬೇಸ್‌ಗೆ ಬರ್ದುಬಿಡುತ್ತೆ, ಹುಷಾರು). ನಾನೊಂದ್ಸಲ ಒಂದು ಕಾಲಂ ಸೇರಿಸಿ ಅದನ್ನೇ ರನ್ ಮಾಡ್ದೆ, ಟೇಬಲ್ ಆಗ್ಲೇ ಇದೆ ಅಂತ ಎರರ್ ಬಂತು, ಸಿಟ್ಟಲ್ಲಿ ಹಳೇದನ್ನ ಡ್ರಾಪ್ ಮಾಡಿ, ಅಂದ್ರೆ ಡೇಟಾ ಸಮೇತ ಅಳಿಸಿ, ಮತ್ತೆ ರನ್ ಮಾಡ್ದೆ, ಪುಣ್ಯಕ್ಕೆ ಟೆಸ್ಟ್ ಡೇಟಾ.

ಆದ್ರೂ ಎಕ್ಸೆಲ್ ಬಿಟ್ಟು ಇದಕ್ಕೆ ಬನ್ನಿ ಅಂತೀನಿ. ಬರೀ ಟೆಕ್ಸ್ಟ್ ಆಗಿರೋದ್ರಿಂದ ಫೈಲ್ ಬದಲಾವಣೆಗಳ ದಾಖಲೆ ಇಡೋ ಗಿಟ್‌ಗೆ ಹಾಕಿದ್ರೆ ಯಾವ ಸಾಲನ್ನ ಯಾರು ತಿದ್ದಿದ್ರು ಅಂತ ಕಾಣುತ್ತೆ, ಕೂತು ಓದಕ್ಕೂ ಆಗುತ್ತೆ. ನಿಮ್ದೇ ತಗೊಳಿ: ಸದಸ್ಯರ ಟೇಬಲ್ ಒಂದು, ಹಾಲು ಹಾಕಿದ ಲೆಕ್ಕದ ಟೇಬಲ್ ಒಂದು, ಅದರಲ್ಲಿ ಸದಸ್ಯ ಐಡಿ, ದಿನ, ಹೊತ್ತು, ಲೀಟರ್, ಫ್ಯಾಟ್. ಒಂದೇ ಹೊತ್ತಿಗೆ ಎರಡು ಸಲ ಎಂಟ್ರಿ ಆಗ್ಬಾರ್ದು ಅಂತ ಸದಸ್ಯ-ದಿನ-ಹೊತ್ತು ಮೂರೂ ಸೇರಿಸಿ ಯೂನಿಕ್ ಇಂಡೆಕ್ಸ್ (ಅದೇ ಮೂರು ಮತ್ತೆ ಬಂದ್ರೆ ಬಿಡಲ್ಲ) ಅಂತ ಒಂದು ಸಾಲು ಬರೀತೀರಾ ಅಂದ್ಕೊಳಿ. ಅದನ್ನ ಓದಿದ ತಕ್ಷಣ ಹಳ್ಳಿ ಕಡೆಯೋರು ಯಾರಾದ್ರೂ ಕೇಳೇ ಕೇಳ್ತಾರೆ, ಹಸುವಿನ ಹಾಲು ಎಮ್ಮೆ ಹಾಲು ಎರಡೂ ತರೋರು ಏನ್ ಮಾಡ್ಬೇಕು ಅಂತ! ಎಕ್ಸೆಲ್ ಶೀಟಲ್ಲಿ ಇಂಥದ್ದು ಕಣ್ಣಿಗೇ ಬೀಳಲ್ಲ.

ಟೇಬಲ್ ಸಂಬಂಧ ಬರೆಯೋವಾಗ ಹಾಕೋ < ಅಥವಾ > ಚಿಹ್ನೆ ಉಲ್ಟಾ ಆಗೋದು ಜಾಸ್ತಿ. ಅದರ ಬಾಯಿ ಯಾವ ಕಡೆ ತೆರೆದಿದೆಯೋ ಆ ಕಡೆ ಹಲವು ಸಾಲು, ಮೊನೆ ಇರೋ ಕಡೆ ಒಂದು. ಅಂದ್ರೆ ಬಾಯಿ ಹಾಲಿನ ಲೆಕ್ಕದ ಕಡೆಗೆ, ಮೊನೆ ಸದಸ್ಯರ ಕಡೆಗೆ.

ಲೈವ್ ಡೇಟಾಬೇಸ್ ಬದಲಾವಣೆಗೆ ಲಿಕ್ವಿಬೇಸ್ ಥರ ಮೈಗ್ರೇಶನ್ ಟೂಲೇ (ಬದಲಾವಣೆಗಳನ್ನ ಒಂದೊಂದಾಗಿ ಡೇಟಾಬೇಸ್‌ಗೆ ಹಾಕೋದು) ಇರ್ಲಿ. ಅದು ಓಡಿದ ಮೇಲೆ ಡೇಟಾ ಬಿಟ್ಟು ಬರೀ ಸ್ಕೀಮಾ (ಟೇಬಲ್‌ಗಳ ರಚನೆ) ಡಂಪ್ ತೆಗೆದು, ಅದನ್ನ ಮತ್ತೆ ಡಿಬಿಎಂಎಲ್ ಮಾಡಿಕೊಡೋ ಎಸ್‌ಕ್ಯೂಎಲ್-ಟು-ಡಿಬಿಎಂಎಲ್ ಕಮಾಂಡ್‌ಗೆ ಕೊಡಿ, ಹಳೇ ಫೈಲ್ ಜೊತೆ ಹೋಲಿಸಿ, ಮೈಗ್ರೇಶನ್‌ನಲ್ಲಿ ಇಲ್ಲದ ವ್ಯತ್ಯಾಸ ಇದ್ರೆ ಯಾರೋ ಕೈಯಲ್ಲಿ ನೇರವಾಗಿ ತಿದ್ದಿರಬಹುದು ಅಂತ. ಎಕ್ಸೆಲಲ್ಲಿರೋ ಷರಾಗಳನ್ನ ಮಾತ್ರ ಬಿಸಾಕ್ಬೇಡಿ, ಕಾಲಂ ಪಕ್ಕ ನೋಟ್ ಅಂತ ಹಾಕಿ, ಕನ್ನಡದಲ್ಲೇ ಬರೆದ್ರೂ ನಡೆಯುತ್ತೆ.