ಮಡಿಕೇರಿಯಲ್ಲಿ ಸಿಗುವ ಹಳೆಯ ನಿಕಾನ್ ಡಿ90 ಕ್ಯಾಮೆರಾ ಕೊಳ್ಳಬಹುದೇ?

ನೀವು ಕೊಳ್ಳಲು ನೋಡಿರುವ ಈ ಕ್ಯಾಮೆರಾದಲ್ಲಿ ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳು ಮಾತ್ರ ಮಂಜು ಕವಿದಂತೆ ಬರುತ್ತಿವೆ ಎಂದು ನೀವು ಬರೆದಿರುವುದರಿಂದ, ದೋಷವು ಬಹುಮಟ್ಟಿಗೆ ಕ್ಯಾಮೆರಾದ್ದಲ್ಲ, ಅದರೊಡನೆ ಕೊಡುತ್ತಿರುವ 18-105 ಮಿ.ಮೀ. ಜೂಮ್ ಲೆನ್ಸಿನೊಳಗೆ ಬೆಳೆದಿರಬಹುದಾದ ಬೂಷ್ಟಿನದು. ಕೊಡಗಿನ ಮಳೆಗಾಲವನ್ನು ಬೀರುವಿನೊಳಗೆ ಕಳೆದ ಲೆನ್ಸುಗಳಲ್ಲಿ ಇದು ಸಾಮಾನ್ಯ. ಮೊದಲು ಲೆನ್ಸನ್ನು ಕಳಚಿ, ಅದರ ಹಿಂಬದಿಯ ಪುಟ್ಟ ಲಿವರನ್ನು ಸರಿಸಿ ಅಪರ್ಚರ್ (ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಜೇಡನ ಬಲೆಯಂಥ ಎಳೆಗಳು ಕಂಡರೆ ಲೆನ್ಸನ್ನು ಬಿಟ್ಟು ಕ್ಯಾಮೆರಾಕ್ಕೆ ಮಾತ್ರ ಬೆಲೆ ಕೇಳಿ. ಶುಚಿಗೊಳಿಸಿದರೆ ಎಳೆಗಳು ಹೋಗಬಹುದು, ಆದರೆ ಗಾಜಿನ ಲೇಪನ ಹಾಳಾಗಿದೆಯೇ ಎಂಬುದನ್ನು ಬಿಚ್ಚಿ ನೋಡುವವರೆಗೆ ಖಚಿತವಾಗಿ ಹೇಳಲಾಗದು.

ಅನಂತರ ಹೊಸದಾಗಿ ತೆಗೆದ, ತಿದ್ದದ ಜೆಪೆಗ್ ಚಿತ್ರವೊಂದರ ಕಡತದಲ್ಲಿ ದಾಖಲಾಗಿರುವ ಶಟರ್ ಎಣಿಕೆಯನ್ನು, ಅಂದರೆ ಕ್ಯಾಮೆರಾದ ಶಟರ್ ಈವರೆಗೆ ಎಷ್ಟು ಬಾರಿ ತೆರೆದು ಮುಚ್ಚಿದೆ ಎಂಬುದನ್ನು, ತಿಳಿದುಕೊಳ್ಳಿ. ಈ ಶಟರನ್ನು ನಿಕಾನ್ 1,00,000 ಬಾರಿಗೆ ಪರೀಕ್ಷಿಸಿದ್ದರೂ ಅದು ಭರವಸೆಯಲ್ಲ. ಪರೀಕ್ಷೆಗೆ 32 ಜಿಬಿ ಮೀರದ ಎಸ್‌ಡಿಎಚ್‌ಸಿ ಮೆಮೊರಿ ಕಾರ್ಡನ್ನೇ ಒಯ್ಯಿರಿ.

2008ರ ಮಾದರಿಯಾದರೂ ಇದರ 12.3 ಮೆಗಾಪಿಕ್ಸೆಲ್ ಮನೆಯ ಸಮಾರಂಭಕ್ಕೂ ಹಗಲಿನ ಭೂದೃಶ್ಯಕ್ಕೂ ಧಾರಾಳವಾಗಿ ಸಾಕು. ಕಾಫಿ ತೋಟದ ನೆರಳಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುವುದೇ ನಿಮ್ಮ ಉದ್ದೇಶವಾಗಿದ್ದರೆ ಬೇಡ, ಏಕೆಂದರೆ ಮಂದ ಬೆಳಕಿಗಾಗಿ ಏರಿಸುವ ಐಎಸ್‌ಒ (ಬೆಳಕಿನ ಸಂವೇದನೆಯ ಮಟ್ಟ) 1600 ದಾಟಿದರೆ ಚಿತ್ರ ಒರಟಾಗುತ್ತದೆ. ವಿಡಿಯೊಗಂತೂ ನಿಮ್ಮ ಫೋನೇ ಮೇಲು. ಕೊಂಡರೆ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯನ್ನೂ ಅಂದೇ ಕೊಳ್ಳಿ.