ಎಫ್‌ಪಿಒ ಲೆಕ್ಕದಲ್ಲಿ ಮೋಸ ಆಗಿದ್ದರೆ ಕೇಸ್ ಯಾರ ಮೇಲೆ?

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ, ಓದಿ ಹೊಟ್ಟೆ ಉರಿಯಿತು. ನಿಮ್ಮದು 600 ರೈತರು ಷೇರು ಹಾಕಿ ಕಟ್ಟಿದ ಎಫ್‌ಪಿಒ, ಅಂದರೆ ರೈತ ಉತ್ಪಾದಕರ ಕಂಪನಿ. ಸಿಇಒ ಮತ್ತು ಇಬ್ಬರು ನಿರ್ದೇಶಕರು ಸೇರಿ ಇಲ್ಲದ ಗೊಬ್ಬರವನ್ನು ಸ್ಟಾಕ್‌ನಲ್ಲಿ ತೋರಿಸಿದ್ದಾರೆ. ಲೆಕ್ಕ ಬರೆಯುವ ಹುಡುಗಿಯ ಸಂಬಳದಲ್ಲಿ ಪಿಎಫ್ ಹಿಡಿದು ಕಟ್ಟೇ ಇಲ್ಲ. ಕಂಪನಿ ಮೇಲೆ ಕೇಸ್ ಹಾಕೋಣವೇ ಅಂತ ಕೇಳಿದ್ದೀರಿ.

ಕಂಪನಿ ಮೇಲೆ ಬೇಡ. ಕಂಪನಿ ಅಂದರೆ ನೀವೇ ಅಲ್ವಾ? ಅದಕ್ಕೆ ದಂಡ ಬಿದ್ದರೆ ಹೋಗುವುದು ನಿಮ್ಮದೇ ಷೇರಿನ ದುಡ್ಡು. ದೂರಿನಲ್ಲಿ ಮೋಸ ಮಾಡಿದವರ ಹೆಸರು ಇರಲಿ, ಒಬ್ಬೊಬ್ಬರದೂ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್ ಕಥೆ ನೆನಪಿದೆಯಲ್ಲ. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಹಣ 5,361 ಕೋಟಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಹಿಂದಿನ ದಿನ 179 ರೂಪಾಯಿ ಹತ್ತಿರ ಇದ್ದ ಷೇರು ಸಂಜೆಗೆ 40ಕ್ಕೆ ಬಂತು. ಸಾವಿರಾರು ನೌಕರರು ಮುಂದಿನ ತಿಂಗಳ ಸಂಬಳ ಬರುತ್ತೋ ಇಲ್ಲವೋ ಅಂತ ಕಂಗಾಲಾದರು. ಅಮೆರಿಕದಲ್ಲಿ ಷೇರುದಾರರು ಒಟ್ಟಾಗಿ ದಾವೆ ಹೂಡಿದರು, 2011ರಲ್ಲಿ ಕಂಪನಿ 12.5 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ದುಡ್ಡು ರಾಜು ಜೇಬಿನದಲ್ಲ, ಕಂಪನಿಯದು. ಆಗ ಷೇರು ಇಟ್ಟುಕೊಂಡಿದ್ದವರೇ ಅದನ್ನು ತೆತ್ತ ಹಾಗಾಯಿತು. ಅದಕ್ಕೇ ನಾನು ಹೆಸರು ಹಾಕಿ ಅನ್ನುವುದು.

ಆ ಹಗರಣದ ನಂತರ ಬಂದ 2013ರ ಕಂಪನಿ ಕಾಯ್ದೆಯಲ್ಲಿ 245ನೇ ಸೆಕ್ಷನ್ ಇದೆ. ಸದಸ್ಯರು ಒಟ್ಟಾಗಿ ಎನ್‌ಸಿಎಲ್‌ಟಿಗೆ, ಅಂದರೆ ಕಂಪನಿ ವ್ಯಾಜ್ಯ ನೋಡುವ ನ್ಯಾಯಮಂಡಳಿಗೆ ಹೋಗಿ ನಿರ್ದೇಶಕರಿಂದ, ಆಡಿಟರ್‌ನಿಂದ ನಷ್ಟ ಪರಿಹಾರ ಕೇಳಬಹುದು. 100 ಜನ ಅಥವಾ ಒಟ್ಟು ಸದಸ್ಯರಲ್ಲಿ ಶೇ 5, ಯಾವುದು ಕಡಿಮೆಯೋ ಅಷ್ಟು ಸಾಕು. ನಿಮ್ಮ 600ರಲ್ಲಿ ಅದು 30 ಜನ. ಆದರೆ ವಕೀಲರ ಖರ್ಚು ಜಾಸ್ತಿ, ಸಮಯವೂ ಹಿಡಿಯುತ್ತದೆ. ಮೊದಲು ಸಾಕ್ಷಿ ಕೂಡಿಸಿ.

ಸತ್ಯಂನಲ್ಲಿ ಖಾತೆಯಲ್ಲಿ ಇಷ್ಟು ಹಣ ಇದೆ ಅನ್ನುವ ಪತ್ರವನ್ನು ಬ್ಯಾಂಕಿನಿಂದಲೇ ತರಿಸದೆ, ಕಂಪನಿಯವರು ಕೈಗೆ ಕೊಟ್ಟದ್ದನ್ನು ಆಡಿಟರ್‌ಗಳು ನಂಬಿದರು. ನೀವು ಹಾಗೆ ಮಾಡಬೇಡಿ. ನಮ್ಮ ರೈತ ಕಂಪನಿಯಲ್ಲೂ ಇದೇ ಆಗಿತ್ತು. ಸ್ಟಾಕ್ ಬುಕ್ಕಿನಲ್ಲಿ 412 ಮೂಟೆ ಹಿಂಡಿ. ನಾವು ಎಂಟು ಜನ ಹೋಗಿ ಗೋಡೌನ್ ಶಟರ್ ಎತ್ತಿಸಿದೆವು. ಮುಂದಿನ ಎರಡು ಸಾಲು ಸರಿಯಾಗಿಯೇ ಇತ್ತು. ಮೇಲೆ ನೀಲಿ ಟಾರ್ಪಾಲು. ಅದನ್ನು ಎಳೆದರೆ ಹಿಂದೆ ಬರೀ ಟೊಮೆಟೊ ಕ್ರೇಟು, ಒಂದರ ಮೇಲೊಂದು, ಎಲ್ಲ ಖಾಲಿ. ಎಣಿಸಿದಾಗ ಸಿಕ್ಕಿದ್ದು 63 ಮೂಟೆ. ಅಲ್ಲೇ ಕೂತು ಮಹಜರು ಬರೆದು, ಎಂಟೂ ಜನ ಸಹಿ ಹಾಕಿ, ಫೋಟೋ ತೆಗೆದೆವು. ಮುಂದೆ ಕೆಲಸಕ್ಕೆ ಬಂದದ್ದು ಆ ಒಂದು ಹಾಳೆಯೇ.

ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿದರೆ ಕಂಪನಿ ಸಲ್ಲಿಸಿದ ಬ್ಯಾಲೆನ್ಸ್ ಶೀಟ್ ನೋಡಲು ಸಿಗುತ್ತದೆ. ನಿಮಗೆ ಕೊಟ್ಟ ಪ್ರತಿಯ ಜೊತೆ ಸಾಲು ಸಾಲು ತಾಳೆ ಹಾಕಿ. ವಾರ್ಷಿಕ ಸಭೆಯ ನೋಟಿಸ್ 14 ದಿನ ಮುಂಚೆ ಬರಬೇಕು, ಆಡಿಟ್ ಆದ ಲೆಕ್ಕದ ಜೊತೆ. ಬಂದಿಲ್ಲ ಅಂದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ದೂರು ಎರಡು ಕಡೆ ಕೊಡಿ. ಒಂದು ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್‌ಗೆ. ಇನ್ನೊಂದು ಪೊಲೀಸರಿಗೆ, ಭಾರತೀಯ ನ್ಯಾಯ ಸಂಹಿತೆಯ 316 ಮತ್ತು 318ರ ಅಡಿ, ಅಂದರೆ ನಂಬಿಕೆ ದ್ರೋಹ ಮತ್ತು ವಂಚನೆ. ಕಂಪನಿ ಕಾಯ್ದೆಯ 447ರಲ್ಲಿ 10 ವರ್ಷದವರೆಗೆ ಜೈಲಿದೆ. ಆದರೆ ಆ ಕೇಸನ್ನು ನಾವು ನೇರವಾಗಿ ಹಾಕಲು ಬರುವುದಿಲ್ಲ, ಸರ್ಕಾರದ ಅಧಿಕಾರಿಗಳೇ ಹಾಕಬೇಕು. ಅದಕ್ಕೇ ರಿಜಿಸ್ಟ್ರಾರ್ ದೂರು ಬಿಡಬೇಡಿ. ಸ್ವೀಕೃತಿ ಇಸ್ಕೊಳ್ಳಿ.

ಆ ಹುಡುಗಿಗೆ ಇವತ್ತೇ ಫೋನ್ ಮಾಡಿ. ಪಿಎಫ್ ಪಾಸ್‌ಬುಕ್ ಮತ್ತು ಸಂಬಳದ ಚೀಟಿ ಪ್ರಿಂಟ್ ತೆಗೆದು ಪಿಎಫ್ ಕಚೇರಿಗೆ ಬೇರೆ ದೂರು ಕೊಡಲಿ. ಅದಕ್ಕಿಂತ ಮುಖ್ಯ, ಇನ್ನು ಮುಂದೆ ಸುಮ್ನೆ ಯಾವ ಬಿಲ್ಲಿಗೂ ಸಹಿ ಹಾಕಬಾರದು. 2015ರ ಏಪ್ರಿಲ್‌ನಲ್ಲಿ ಸತ್ಯಂ ಕೇಸಿನಲ್ಲಿ 10 ಜನರಿಗೆ ತಲಾ 7 ವರ್ಷ ಶಿಕ್ಷೆ ಆಯಿತಲ್ಲ, ಅವರಲ್ಲಿ ರಾಜು, ಇಬ್ಬರು ಆಡಿಟರ್‌ಗಳ ಜೊತೆ ಒಬ್ಬ ಅಸಿಸ್ಟೆಂಟ್ ಮ್ಯಾನೇಜರ್ ಕೂಡ ಇದ್ದರು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. ಆರು ವರ್ಷ ಕಾದವರಿಗೆ ಅದನ್ನು ನೋಡುವುದು ಎಷ್ಟು ಕಷ್ಟ! ಆದರೂ ಶಿಕ್ಷೆಯ ತನಕ ಹೋಗಿದ್ದು ಕಾಗದ ಇದ್ದದ್ದರಿಂದ. ಮೇಲಿನವರು ಹೇಳಿದ್ದನ್ನು ಅವಳು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಲಿ.

ಈ ಭಾನುವಾರ ಗೋಡೌನ್‌ಗೆ ಹೋಗುವುದಾದರೆ ಒಬ್ಬರೇ ಹೋಗಬೇಡಿ. ನಾವು ಕೊಟ್ಟ ದೂರಿನ ಪ್ರತಿ ನನ್ನ ಹತ್ತಿರ ಇದೆ, ಹೆಸರು ತೆಗೆದು ಸಂಜೆ ನಿಮಗೆ ಕಳಿಸುತ್ತೇನೆ.